ಹಿರಿಯರ ಕೈಯಿಂದ ಕೀಲಿ ಕಿತ್ತುಕೊಳ್ಳುವ ಮುನ್ನ
(ಯುವಕರ ಸಭೆಯಲ್ಲಿ ಆಡಿದ ಮಾತು)



ಬಿಳಿಕೂದಲಿನವರು ಕಾರು ಓಡಿಸುತ್ತಿದ್ದರೆ ನಾವು ಹಾರ್ನ್ ಬಾರಿಸಿ ನಗುತ್ತೇವೆ. 'ವಯಸ್ಸಾಯಿತು, ಮನೆಯಲ್ಲಿರಲಿ' ಎಂದುಬಿಡುವುದು ಸುಲಭ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮ್ಯಾಥ್ಯೂ ರೊಮೋಸರ್, ಡೊನಾಲ್ಡ್ ಫಿಷರ್ ಹಾಗೆನ್ನಲಿಲ್ಲ, ಪರೀಕ್ಷಿಸಿ ನೋಡಿದರು.

70 ದಾಟಿದ ಚಾಲಕರನ್ನು ಸಿಮ್ಯುಲೇಟರಿನಲ್ಲಿ ಕೂರಿಸಿದರು. ಅಂದರೆ ನಿಂತಲ್ಲೇ ನಿಂತ ಕಾರು, ಎದುರಿಗೆ ಪರದೆಯ ಮೇಲೆ ಓಡುವ ರಸ್ತೆ. ಗುದ್ದಿದರೂ ಯಾರೂ ಸಾಯುವುದಿಲ್ಲ. ಕೂಡುರಸ್ತೆಯಲ್ಲಿ ತಿರುಗುವಾಗ ಇನ್ನೊಮ್ಮೆ ಪಕ್ಕಕ್ಕೆ ನೋಡಬೇಕು. ಹಿರಿಯರು ಬಿಡುತ್ತಿದ್ದುದು ಅದನ್ನೇ. ಕೆಲವರಿಗೆ ಅವರದೇ ಚಾಲನೆಯ ವಿಡಿಯೋ ತೋರಿಸಿ, ಸಿಮ್ಯುಲೇಟರಿನಲ್ಲಿ ಅಭ್ಯಾಸ ಮಾಡಿಸಿದರು. ಇನ್ನು ಕೆಲವರಿಗೆ ಬರೀ ಪಾಠ ಹೇಳಿದರು.

2009ರಲ್ಲಿ ಪ್ರಕಟವಾದ ಫಲಿತಾಂಶ ಕೇಳಿ: ಅಭ್ಯಾಸ ಮಾಡಿದವರು ನಿಜವಾದ ರಸ್ತೆಯಲ್ಲೂ ಮೊದಲಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಸಲ ತಿರುಗಿ ನೋಡಿದರು. ಪಾಠ ಕೇಳಿದವರು ಇದ್ದಲ್ಲೇ ಇದ್ದರು. ಎರಡು ವರ್ಷದ ಮೇಲೂ ಆ ಕಲಿಕೆ ಬಹುಪಾಲು ಉಳಿದಿತ್ತು.

ಅಂದಮೇಲೆ ತಪ್ಪೆಲ್ಲ ಕುತ್ತಿಗೆಯದಲ್ಲ, ಕಣ್ಣಿನದಲ್ಲ, ಬಿಟ್ಟುಹೋದ ರೂಢಿಯದು. ರೂಢಿಯನ್ನು ಮತ್ತೆ ಕಲಿಸಬಹುದು.

ಯಂತ್ರವೇನೂ ದೇವರಲ್ಲ. ಅದರಲ್ಲಿ ಕೂತರೆ ಹಿರಿಯರಿಗೆ ತಲೆಸುತ್ತು ಬೇಗ ಬರುತ್ತದೆ. ಕಣ್ಣು ಮಂಜಾಗಿ, ಮರೆವು ಮುತ್ತಿದಾಗ ಕೀಲಿ ಕೆಳಗಿಡಲೇಬೇಕು. ಆದರೆ ತೀರ್ಪು ಹುಟ್ಟಿದ ವರ್ಷ ನೋಡಿ ಬರಬಾರದು, ಓಡಿಸುವುದನ್ನು ನೋಡಿ ಬರಬೇಕು. ನಾಳೆ ಆ ಸೀಟಿನಲ್ಲಿ ಕೂರುವವರು ನಾವೇ!