ತಾಳೆ ನೋಡುವ ಅಭ್ಯಾಸ
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)

ಲೆಕ್ಕ ಮಾಡಿ ಮುಗಿಸಿದ ಮೇಲೆ ತಾಳೆ ನೋಡಬೇಕೆಂದು ನಾವು ಮಕ್ಕಳಿಗೆ ದಿನವೂ ಹೇಳುತ್ತೇವೆ. ಈ ವರ್ಷ ಆ ಪಾಠವನ್ನು ನಾವೇ ಕಲಿಯಬೇಕಾಯಿತು.

ನಮ್ಮ ಹತ್ತನೆಯ ತರಗತಿಯವರು ಅಂಕಗಳನ್ನು ಕೂಡಿಸಲು ಗೋ ಎಂಬ ಗಣಕಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದರು. ಈ ಭಾಷೆಯನ್ನು ಗೂಗಲ್ ಸಂಸ್ಥೆಯಲ್ಲಿ ರಾಬರ್ಟ್ ಗ್ರೀಸೆಮರ್, ರಾಬ್ ಪೈಕ್, ಕೆನ್ ಥಾಂಪ್ಸನ್ ಎಂಬ ಮೂವರು 2007ರಲ್ಲಿ ರೂಪಿಸತೊಡಗಿ, 2009ರಲ್ಲಿ ಲೋಕದ ಮುಂದಿಟ್ಟರು. ಮಕ್ಕಳ ಪ್ರೋಗ್ರಾಮಿನಲ್ಲಿ ಚಿತ್ರಗಳಿಲ್ಲ, ಗುಂಡಿಗಳಿಲ್ಲ. ಅದರ ಹೆಸರನ್ನೂ ಅಂಕಪಟ್ಟಿಯ ಕಡತದ ಹೆಸರನ್ನೂ ಒಂದೇ ಸಾಲಿನಲ್ಲಿ ಟೈಪು ಮಾಡಿದರೆ ಉತ್ತರ ದೊರೆಯುವುದು. ಇಂಥದನ್ನು ಕಮಾಂಡ್ ಲೈನ್ ಪ್ರೋಗ್ರಾಂ ಎನ್ನುವರು.

ಒಂದು ದಿನ ಪೋಷಕರೊಬ್ಬರು ಪ್ರಗತಿಪತ್ರ ಹಿಡಿದು ಬಂದರು. ಜ್ವರದಿಂದ ಗಣಿತದ ಪರೀಕ್ಷೆಗೆ ಬಾರದಿದ್ದ ಅವರ ಮಗಳಿಗೆ ಸೊನ್ನೆ ಬಿದ್ದಿತ್ತು. ಪಟ್ಟಿಯಲ್ಲಿ ಗೈರುಹಾಜರಿಯ ಗುರುತಾದ 'ಗೈ' ಸರಿಯಾಗಿಯೇ ಇತ್ತು. ಆದರೆ ಬರಹವನ್ನು ಸಂಖ್ಯೆಯಾಗಿ ಮಾರ್ಪಡಿಸುವ ಗೋ ಭಾಷೆಯ ಫಂಕ್ಷನ್ ಎರಡು ಉತ್ತರ ಕೊಡುತ್ತದೆ: ಒಂದು ಸಂಖ್ಯೆ, ಇನ್ನೊಂದು ದೋಷಸೂಚನೆ. 'ಗೈ' ಕಂಡಾಗ ಅದು ಸೊನ್ನೆಯನ್ನೂ ದೋಷಸೂಚನೆಯನ್ನೂ ಕೊಟ್ಟಿತು. ಮಕ್ಕಳು ಸೊನ್ನೆಯನ್ನು ಇಟ್ಟುಕೊಂಡು ಸೂಚನೆಯನ್ನು ಕೈಬಿಟ್ಟಿದ್ದರು. ಪತ್ರಕ್ಕೆ ರುಜು ಹಾಕಿದವರು ನಾವು. ತಪ್ಪು ನಮ್ಮದೂ ಹೌದು. ಆ ಬಾಲಿಕೆಯ ಕ್ಷಮೆ ಕೋರಿದೆವು.

ಬಳಿಕ ಮಕ್ಕಳು ತಿದ್ದುವುದಕ್ಕೆ ಮುನ್ನ ಪ್ರೋಗ್ರಾಮಿಗೇ ಪರೀಕ್ಷೆ ಬರೆದರು. ಇದು ಯುನಿಟ್ ಟೆಸ್ಟ್. ಕೂಡಿಸುವ ಕೆಲಸವನ್ನು ಮೇನ್ ಎಂಬ ಮುಖ್ಯ ಫಂಕ್ಷನ್ನಿನಿಂದ ಬಿಡಿಸಿ ಬೇರೆ ಫಂಕ್ಷನ್ನಿಗೆ ಒಪ್ಪಿಸಿದರು. ಉತ್ತರವು ನೇರವಾಗಿ ತೆರೆಗೆ ಹೋಗದೆ, ನಾವು ಹೇಳಿದಲ್ಲಿಗೆ ಹೋಗುವಂತೆ ಮಾಡಿದರು. ಹಾಗಾದರೆ ಅದನ್ನು ಸ್ಮೃತಿಯಲ್ಲಿ ಹಿಡಿದಿಟ್ಟು ಹೋಲಿಸಬಹುದು. 'ಅಂಡರ್‌ಸ್ಕೋರ್ ಟೆಸ್ಟ್ ಡಾಟ್ ಗೋ' ಎಂದು ಕೊನೆಗೊಳ್ಳುವ ಕಡತದಲ್ಲಿ, 'ಟೆಸ್ಟ್' ಎಂದು ಮೊದಲಾಗುವ ಫಂಕ್ಷನ್ನಿನೊಳಗೆ ಒಂದು ಪಟ್ಟಿ ಹಾಕಿದರು: 72, 0, 105, 'ಗೈ', ಬರಿದಾದ ಜಾಗ. ಪ್ರತಿಯೊಂದರ ಎದುರಿಗೆ ಬರಬೇಕಾದ ಉತ್ತರ. 'ಗೋ ಟೆಸ್ಟ್' ಎಂದು ಆಜ್ಞಾಪಿಸಿದಾಗ ಪ್ರೋಗ್ರಾಂ ಅನುತ್ತೀರ್ಣವಾಯಿತು. ತಿದ್ದಿದ ಮೇಲೆ ತೇರ್ಗಡೆಯಾಯಿತು. ಸೊನ್ನೆ ಪಡೆದವರೂ ಬಾರದೆ ಉಳಿದವರೂ ಒಂದಲ್ಲವೆಂದು ಈಗ ಅದು ಬಲ್ಲದು.

ತೇರ್ಗಡೆಯಾದ ಮಾತ್ರಕ್ಕೆ ಅದು ನಿರ್ದೋಷವೆಂದಲ್ಲ. ನಾವು ಕೇಳದ ಪ್ರಶ್ನೆಗೆ ಅದು ಉತ್ತರ ಹೇಳದು. ಆದುದರಿಂದ ಹೊಸ ತಪ್ಪು ಕಂಡಾಗಲೆಲ್ಲ ಪಟ್ಟಿಗೆ ಒಂದು ಸಾಲು ಸೇರಬೇಕು.

ಪೋಷಕರೇ, ಮಗು ಕೆಲಸ ಮುಗಿಯಿತೆಂದಾಗ "ತಾಳೆ ನೋಡಿದೆಯಾ?" ಎಂದು ಕೇಳಿರಿ. ನಮ್ಮನ್ನೂ ಹಾಗೆಯೇ ಕೇಳಿರಿ.