ದಿನವೂ ತಪ್ಪದ ನಡಿಗೆ



ಈ ಶಾಲೆಯಲ್ಲಿದ್ದಾಗ ಪಿ.ಟಿ. ಮೇಷ್ಟ್ರು ಸೀಟಿ ಊದಿದರೆ ಸಾಕು, ಮನಸ್ಸಿದ್ದರೂ ಇಲ್ಲದಿದ್ದರೂ ಸಾಲಾಗಿ ನಿಂತು ಕವಾಯತು ಮಾಡುತ್ತಿದ್ದೆವು. ಶಾಲೆ ಬಿಟ್ಟ ಮೇಲೆ ಸೀಟಿ ಊದುವವರಿಲ್ಲ. ಜೂನ್ 21ರ ಯೋಗ ದಿನ ಹಾಸಿದ ಚಾಪೆ ಜುಲೈ ಹೊತ್ತಿಗೆ ಮೂಲೆ ಸೇರುತ್ತದೆ. ಹುಮ್ಮಸ್ಸು ಬಂದು ಹೋಗುವ ನೆಂಟ. ಅದನ್ನೇ ನಂಬಿ ಕೂರುವಂತಿಲ್ಲ.

ಒಂಬತ್ತು ವರ್ಷದ ಹಿಂದೆ ನನಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿಯಿತು. ಡಾಕ್ಟರು ಮಾತ್ರೆಯ ಜೊತೆಗೆ ನಡಿಗೆಯನ್ನೂ ಹೇಳಿದರು. ಅಂದಿನಿಂದ ನಡಿಗೆ ನಿಂತಿಲ್ಲ. ಅದಕ್ಕೆ ದಾಕ್ಷಿಣ್ಯವೇ ಕಾರಣ. ಬೆಳಗ್ಗೆ ಆರಕ್ಕೆ ನನ್ನ ಸಹಪಾಠಿಯೊಬ್ಬ ಬೀದಿಯ ಕೊನೆಗೆ ಬರುತ್ತಾನೆ. ಅವನನ್ನು ಕಾಯಿಸಬಾರದೆಂದು ನಾನು ಏಳುತ್ತೇನೆ, ನನ್ನನ್ನು ಕಾಯಿಸಬಾರದೆಂದು ಅವನು. ಮಳೆಯಿದ್ದರೆ ಜಗಲಿಯಲ್ಲೇ ಹತ್ತು ನಿಮಿಷ ಕೈಕಾಲು ಆಡಿಸುತ್ತೇವೆ. ಒಂದು ದಿನ ತಪ್ಪಿದರೆ ಬೇಸರಪಡುವುದಿಲ್ಲ, ಮರುದಿನ ತಪ್ಪಿಸುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಹೇಳಿದೆ. ಅಂದರೆ ಐದು ದಿನ, ಅರ್ಧರ್ಧ ಗಂಟೆಯ ಬಿರುಸು ನಡಿಗೆ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಹತ್ತನೇ ತರಗತಿಯ ಆಟದ ಪಿರಿಯಡ್ಡನ್ನು ಗಣಿತಕ್ಕೆ ಕೊಡುವ ಮುನ್ನ ಇದನ್ನು ನೆನೆಯಬೇಕು. ಹೊಲದಲ್ಲಿ ದುಡಿಯುವವರಿಗೇಕೆ ವ್ಯಾಯಾಮ ಎನ್ನುವವರಿದ್ದಾರೆ. ಈಗ ಉಳುಮೆಗೆ ಟ್ರ್ಯಾಕ್ಟರು ಬಂದಿದೆ, ಹೊಲಕ್ಕೂ ಬೈಕಿನಲ್ಲೇ ಹೋಗುತ್ತೇವೆ.

ನನ್ನದೊಂದು ವಿನಂತಿ. ಈ ಮೈದಾನದ ಗೇಟು ಬೆಳಗ್ಗೆ ಒಂದು ಗಂಟೆ ಊರಿನವರಿಗೆ ತೆರೆದಿರಲಿ. ರಸ್ತೆಯಲ್ಲಿ ನಡೆಯಲು ಸಂಕೋಚಪಡುವ ಹೆಣ್ಣುಮಕ್ಕಳಿಗೂ ಜಾಗ ಸಿಗುತ್ತದೆ. ಬರುವವರು ಒಬ್ಬರೇ ಬರಬೇಡಿ, ಪಕ್ಕದ ಮನೆಯವರನ್ನೂ ಕರೆತನ್ನಿ.