ಮೊರ್ಡ್ರೆಡ್ ಯಾರ ಪಕ್ಷದಲ್ಲಿದ್ದ?

ಆರ್ಥರ್ ದೊರೆಯ ಕಥೆ ಬಲ್ಲವರಿಗೆಲ್ಲ ಮೊರ್ಡ್ರೆಡ್ ಎಂದರೆ ದ್ರೋಹಿ. ದುಂಡುಮೇಜಿನ ವೀರರಲ್ಲಿ ಒಬ್ಬನಾಗಿದ್ದೂ, ದೊರೆ ಸಮುದ್ರದಾಚೆ ದಂಡೆತ್ತಿ ಹೋದ ಸಮಯ ನೋಡಿ ಗದ್ದುಗೆ ಏರಿದವನು. ರಾಣಿಯನ್ನೇ ಮದುವೆಯಾಗಲು ಹೊರಟವನು. ಕವಿ ಡಾಂಟೆ ಅವನಿಗೆ ನರಕದ ತಳದಲ್ಲಿ, ಬಂಧುದ್ರೋಹಿಗಳು ಹೆಪ್ಪುಗಟ್ಟಿದ ಹಿಮದಲ್ಲಿ ಜಾಗ ಕೊಟ್ಟ.

ಈ ತೀರ್ಪು ಬಂದದ್ದು ತಡವಾಗಿ. 10ನೇ ಶತಮಾನದಲ್ಲಿ ಸಂಕಲನಗೊಂಡ ವೇಲ್ಸ್‌ನ ವಾರ್ಷಿಕ ದಾಖಲೆಯಲ್ಲಿ ಅವನ ಬಗ್ಗೆ ಇರುವುದು ಒಂದೇ ಸಾಲು: 537ರ ಸುಮಾರಿಗೆ ಕ್ಯಾಮ್ಲಾನ್ ಕಾಳಗದಲ್ಲಿ ಆರ್ಥರನೂ ಮೆದ್ರೌದನೂ (ಮೊರ್ಡ್ರೆಡನ ವೇಲ್ಸ್ ಹೆಸರು) ಮಡಿದರು. ಎದುರುಬದುರಾಗಿ ಕಾದಿದರೋ, ಹೆಗಲಿಗೆ ಹೆಗಲು ಕೊಟ್ಟು ಕಾದಿದರೋ ಆ ಸಾಲು ಹೇಳುವುದಿಲ್ಲ. 12ನೇ ಶತಮಾನದ ವೇಲ್ಸ್ ಕವಿ ಗ್ವಲ್ಖ್‌ಮೈ ಅಂತೂ ದೊರೆ ಮದೋಗನನ್ನು ಹೊಗಳುವಾಗ ಆರ್ಥರನ ಬಲದ ಪಕ್ಕದಲ್ಲೇ ಮೆದ್ರೌದನ ಸದ್ಗುಣವನ್ನೂ ಎಣಿಸುತ್ತಾನೆ. ದ್ರೋಹಿಯ ಹೆಸರು ಹೇಳಿ ಒಡೆಯನನ್ನು ಕೊಂಡಾಡುವ ಆಸ್ಥಾನಕವಿ ಎಲ್ಲಾದರೂ ಉಂಟೇ?

ದ್ರೋಹದ ಕಥೆಗೆ ಮೈ ತುಂಬಿದವನು 1130ರ ದಶಕದಲ್ಲಿ ಬರೆದ ಮಾನ್‌ಮತ್‌ನ ಜೆಫ್ರಿ. ಅವನಲ್ಲಿ ಮೊರ್ಡ್ರೆಡ್ ದೊರೆಯ ಸೋದರಳಿಯ. 13ನೇ ಶತಮಾನದ ಫ್ರೆಂಚ್ ಗದ್ಯಕಥೆಗಳಲ್ಲಿ ಆರ್ಥರನಿಗೆ ಮಲಸೋದರಿಯಲ್ಲೇ ಹುಟ್ಟಿದ ಮಗನಾದ.

ಅಲ್ಲಿಂದ ಬಂದದ್ದೇ 1485ರಲ್ಲಿ ಕ್ಯಾಕ್ಸ್‌ಟನ್ ಅಚ್ಚು ಹಾಕಿದ ಮ್ಯಾಲರಿಯ ಕೃತಿಯ ಭಯಂಕರ ಪ್ರಸಂಗ. ಮೇ ಮೊದಲ ದಿನ ಹುಟ್ಟಿದ ಕೂಸು ನಿನ್ನನ್ನು ನಾಶ ಮಾಡುತ್ತದೆ ಎಂದು ಮಾಂತ್ರಿಕ ಮರ್ಲಿನ್ ಆರ್ಥರನಿಗೆ ನುಡಿಯುತ್ತಾನೆ. ಆರ್ಥರ್ ಅಂದು ಹುಟ್ಟಿದ ಕುಲೀನರ ಮಕ್ಕಳನ್ನೆಲ್ಲ ತರಿಸಿ ಹಡಗಿಗೆ ತುಂಬಿ ಕಡಲಿಗೆ ಬಿಡುತ್ತಾನೆ. ಹಡಗು ಒಡೆಯುತ್ತದೆ. ಹೆಚ್ಚಿನ ಕೂಸುಗಳು ಸಾಯುತ್ತವೆ. ದಡಕ್ಕೆ ಬಿದ್ದ ಮೊರ್ಡ್ರೆಡನನ್ನು ಸಜ್ಜನನೊಬ್ಬ ಸಾಕುತ್ತಾನೆ.

ಇದನ್ನು ಪಾಠ ಮಾಡುತ್ತಿದ್ದ ಮೈಸೂರು ಕಡೆಯ ಇಂಗ್ಲಿಷ್ ಮೇಷ್ಟ್ರೊಬ್ಬರು ಪುಸ್ತಕ ಮುಚ್ಚಿ, "ಇಲ್ಲಿ ಕಂಸ ಯಾರ್ರಪ್ಪಾ?" ಎಂದು ಕೇಳುತ್ತಿದ್ದರು. ಭಾಗವತ ಕೇಳಿ ಬೆಳೆದ ಹುಡುಗರು ತಬ್ಬಿಬ್ಬಾಗುತ್ತಿದ್ದರು. ಕೂಸುಗಳನ್ನು ಕಡಲಿಗೆ ನೂಕಿದವನು ಕಥಾನಾಯಕ, ಬದುಕುಳಿದವನು ಖಳ!

ಮ್ಯಾಲರಿಯಲ್ಲಿ ಕೊನೆಯ ಕಾಳಗವೂ ಯಾರ ಸಂಚಿನಿಂದಲೂ ಶುರುವಾಗುವುದಿಲ್ಲ. ಸಂಧಾನ ಕುದುರಿರುತ್ತದೆ. ಪೊದೆಯಿಂದ ಬಂದ ಹಾವೊಂದು ಯೋಧನ ಕಾಲಿಗೆ ಕಚ್ಚುತ್ತದೆ, ಅದನ್ನು ಕೊಲ್ಲಲು ಅವನು ಕತ್ತಿ ಹಿರಿಯುತ್ತಾನೆ, ಮಿಂಚಿದ ಕತ್ತಿ ಕಂಡು ಎರಡೂ ದಂಡು ಮೇಲೆ ಬೀಳುತ್ತವೆ. ಸಂಜೆಗೆ ಆರ್ಥರನ ಈಟಿ ಮೊರ್ಡ್ರೆಡನ ಒಡಲನ್ನು ತೂರುತ್ತದೆ. ಅವನೋ ಈಟಿಯ ಹಿಡಿಯವರೆಗೂ ಮೈಯನ್ನು ಮುಂದಕ್ಕೆ ನೂಕಿಕೊಂಡು ಬಂದು, ಎರಡೂ ಕೈಯಲ್ಲಿ ಕತ್ತಿ ಎತ್ತಿ ತಂದೆಯ ತಲೆಗೆ ಹೊಡೆಯುತ್ತಾನೆ.

ಹಾಗಾದರೆ ಅವನು ನಿರಪರಾಧಿಯೇ? ಅದೇ ಮ್ಯಾಲರಿಯಲ್ಲಿ ವೀರ ಲಾಮೊರಾಕನನ್ನು ಹಿಂದಿನಿಂದ ಇರಿದವನೂ ಅವನೇ. ಹಡಗಿನ ಲೆಕ್ಕ ಆ ಇರಿತಕ್ಕೆ ವಜಾ ಆಗುತ್ತದೆಯೇ? ಆಗುವುದಿಲ್ಲ ಎಂದಾದರೆ, ಮುಳುಗಿದ ಉಳಿದ ಕೂಸುಗಳ ಪಾಪಕ್ಕೆ ಡಾಂಟೆಯ ಹಿಮದಲ್ಲಿ ಆರ್ಥರನಿಗೇಕೆ ಜಾಗವಿಲ್ಲ?